ಗ್ರೇಸ್ ಮಾರ್ಕ್ಸ್

ಹಾಸನ ಜಿಲ್ಲೆಯಲ್ಲಿ ಇರುವ ಜಾತಿಗಳು ಸಾಲದು ಎಂದು ಜಿಮ್ಮುಗಳು ಇನ್ನೆರಡನ್ನು ಹುಟ್ಟುಹಾಕಿವೆ. ಕಬ್ಬಿಣವನ್ನು ಒಂದು ಸಲ ಎತ್ತಿ ಐದು ನಿಮಿಷ ಕೂರುವವರದು ಒಂದು. ಬೆವರು ನೆಲಕ್ಕಿಳಿದು ಕಾಲು ಜಾರುವ ತನಕ ಎತ್ತುತ್ತಲೇ ಇರುವವರದು ಇನ್ನೊಂದು. ಇವರ ನಡುವೆ ಹೆಣ್ಣು ಕೊಟ್ಟು ತರುವುದಂತೂ ದೂರದ ಮಾತು, ಪ್ಲೇಟು ಕೊಟ್ಟು ತರುವ ಬಳಕೆಯೂ ಇಲ್ಲ. ಬಿ.ಎಂ. ರಸ್ತೆಯ ಟೀ ಅಂಗಡಿಯಲ್ಲಿ ಎದುರಾದರೆ ಒಬ್ಬನ ಮಂಡಿಯನ್ನು ಇನ್ನೊಬ್ಬ ಅನುಕಂಪದಿಂದ ನೋಡುತ್ತಾನೆ.

ಮೊದಲನೆಯವನು ವೇಟ್‌ಲಿಫ್ಟರ್. ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್, ಎರಡೇ ಅವನ ನಿತ್ಯಕರ್ಮ. ನೆಲದ ಮೇಲಿನ ಬಾರನ್ನು ಒಂದೇ ಎಳೆತಕ್ಕೆ ತಲೆಯ ಮೇಲೆ ನಿಲ್ಲಿಸುವುದು ಸ್ನ್ಯಾಚ್. ಭುಜಕ್ಕೆ ತಂದು, ಉಸಿರು ಹಿಡಿದು, ಅಲ್ಲಿಂದ ಮೇಲಕ್ಕೆ ಚಿಮ್ಮಿಸುವುದು ಇನ್ನೊಂದು. ಸ್ಪರ್ಧೆಯಲ್ಲಿ ಒಂದೊಂದಕ್ಕೂ ಮೂರು ಯತ್ನ, ಒಟ್ಟು ಆರು. ಆ ಆರಕ್ಕಾಗಿ ವರ್ಷವಿಡೀ ಮೊಟ್ಟೆ ತಿನ್ನುತ್ತಾನೆ. ಮೂವರು ತೀರ್ಪುಗಾರರು ಕೂತು ನೋಡುತ್ತಾರೆ. ಮೊಣಕೈ ಚೂರು ಮಡಿಚಿ ಆಮೇಲೆ ನೆಟ್ಟಗೆ ಮಾಡಿದರೆ ಕೆಂಪು ದೀಪ. ಎತ್ತಿದ ಮೇಲೆ ಸಿಗ್ನಲ್ ಬರುವ ತನಕ ಅಲ್ಲಾಡದೆ ನಿಲ್ಲದಿದ್ದರೂ ಕೆಂಪು ದೀಪ. ಈ ಕೊನೆಯ ನಿಯಮದ ಬೆಲೆಯನ್ನು ಹೊಳೆನರಸೀಪುರದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1996ರ ಜೂನ್ 1ರಂದು ಸಂಯುಕ್ತ ರಂಗದವರೆಲ್ಲ ಸೇರಿ ಹರದನಹಳ್ಳಿಯ ದೇವೇಗೌಡರನ್ನು ಎತ್ತಿ ಪ್ರಧಾನಿಯ ಕುರ್ಚಿಗೆ ಮುಟ್ಟಿಸಿದರು. ಹೊರಗಿನಿಂದ ಆಸರೆ ಕೊಟ್ಟು ನಿಂತಿದ್ದ ಕಾಂಗ್ರೆಸ್ಸು, ಸಿಗ್ನಲ್‌ಗೂ ಕಾಯದೆ, 1997ರ ಮಾರ್ಚ್ ಕೊನೆಗೆ ಕೈ ಬಿಟ್ಟಿತು. ವೇಟ್‌ಲಿಫ್ಟಿಂಗ್‌ನಲ್ಲಾದರೆ ಮೂರೂ ದೀಪ ಕೆಂಪಗೆ ಹೊತ್ತಿಕೊಳ್ಳುತ್ತಿದ್ದವು. ದೆಹಲಿಯಲ್ಲಿ ಗುಜ್ರಾಲರ ಪ್ರಮಾಣವಚನವಾಯಿತು.

ಎರಡನೆಯವನು ಗುಂಪಿನವನು. ಅವನ ಮೂಲಪುರುಷ ಗ್ರೆಗ್ ಗ್ಲಾಸ್‌ಮನ್. ಕ್ಯಾಲಿಫೋರ್ನಿಯಾದಲ್ಲಿ 2000ರಲ್ಲಿ ಕ್ರಾಸ್‌ಫಿಟ್ ಎಂಬ ಕಂಪನಿ ಕಟ್ಟಿ, ವೇಟ್‌ಲಿಫ್ಟಿಂಗು, ಜಿಮ್ನಾಸ್ಟಿಕ್ಸು, ಓಟ ಎಲ್ಲವನ್ನೂ ಬೆರೆಸಿ ಎದುರಿಗೊಂದು ಗಡಿಯಾರ ತೂಗುಹಾಕಿದವನು. ಗುಂಪಾಗಿ ಬೆವರುವ ರುಚಿಯನ್ನು ನಮ್ಮ ಕಡೆಗೆ ಹತ್ತಿಸಿದ್ದರಲ್ಲಿ 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕ್ಯೂರ್‌ಫಿಟ್‌ನ ಪಾಲೂ ಇದೆ. ಆದರೆ ಅಮೆರಿಕದ ಬೋರ್ಡು, ಬೆಂಗಳೂರಿನ ಆ್ಯಪು ಎರಡೂ ನೆಲಮಂಗಲದ ಟೋಲಿನಲ್ಲೇ ಉದುರಿಹೋಗಿ, ಚನ್ನರಾಯಪಟ್ಟಣಕ್ಕೆ ಬಂದು ತಲುಪಿದ್ದು ಒಂದು ಸೀಟಿ, ಒಂದು ಸ್ಪೀಕರು. ಉಳಿದದ್ದು ಇಲ್ಲೇ ಸಿಗುತ್ತದೆ. ಸವೆದ ಲಾರಿ ಟೈರು, ಬಡಗಿಯ ಕೈಲಿ ಹೊಡೆಸಿದ ಮರದ ಡಬ್ಬ, ದಪ್ಪ ಹಗ್ಗ. ಮೇಲೊಂದು ಫ್ಲೆಕ್ಸು: ‘ಫಂಕ್ಷನಲ್ ಟ್ರೈನಿಂಗ್, ಮಹಿಳೆಯರಿಗೆ ಪ್ರತ್ಯೇಕ ಬ್ಯಾಚ್’.

ಈ ಪಂಥದಲ್ಲಿ ವ್ಯಾಯಾಮಗಳಿಗೆ ಹೆಣ್ಣುಮಕ್ಕಳ ಹೆಸರಿಡುತ್ತಾರೆ. ಫ್ರಾನ್, ಸಿಂಡಿ, ಇಸಬೆಲ್. ವೇಟ್‌ಲಿಫ್ಟರ್‌ನ ರಕ್ತ ಕುದಿಯುವುದು ಗ್ರೇಸ್ ಹೆಸರೆತ್ತಿದಾಗ. 135 ಪೌಂಡಿನ, ಅಂದರೆ ಸುಮಾರು 61 ಕೆ.ಜಿ.ಯ ಬಾರನ್ನು 30 ಸಲ ಕ್ಲೀನ್ ಅಂಡ್ ಜರ್ಕ್ ಮಾಡಬೇಕು. ಬೇಗ ಮುಗಿಸಿದವರು ಗೆದ್ದರು. ತಾನು ಐದು ಸ್ಪರ್ಧೆಗಳಲ್ಲಿ ಮಾಡುವಷ್ಟನ್ನು ಇವರು ಒಂದು ಹಾಡು ಮುಗಿಯುವಷ್ಟರಲ್ಲಿ ಬಾರಿಸಿ, ಬಾರನ್ನು ದಡಾರನೆ ಬಿಟ್ಟು, ಅಂಗಾತ ಬಿದ್ದು ಫೋಟೋ ತೆಗೆಸಿಕೊಳ್ಳುತ್ತಾರಲ್ಲ ಎಂಬುದು ಅವನ ಸಂಕಟ.

“ಸ್ನ್ಯಾಚ್ ಅನ್ನೋದು ದಮ್ಮಿನ ಕೆಲಸ ಅಲ್ಲ ಕಣಣ್ಣ, ನರದ ಕೆಲಸ,” ಅನ್ನುತ್ತಾನೆ. ಈ ಮಾತಿನಲ್ಲಿ ಹುರುಳಿದೆ. ಭಾರ ಎತ್ತುವ ವಿದ್ಯೆ ಅರ್ಧಕ್ಕರ್ಧ ವೇಗದ್ದು. ಬಾರು ಮೈಗೆ ಅಂಟಿಕೊಂಡೇ ಮೇಲೇರಬೇಕು, ಸರಿಯಾದ ಗಳಿಗೆಯಲ್ಲಿ ಸೊಂಟ ಚಿಮ್ಮಬೇಕು, ಚಿಮ್ಮಿದ ಕ್ಷಣಕ್ಕೇ ಮೈ ಅದರಡಿ ನುಗ್ಗಬೇಕು. ದಣಿವು ಮೊದಲು ನುಂಗುವುದು ಈ ಗಳಿಗೆಯ ಲೆಕ್ಕವನ್ನೇ. ಹತ್ತನೆಯ ಸಲಕ್ಕೆ ಹಿಡಿತ ಸಡಿಲ, ಹದಿನೈದಕ್ಕೆ ಬಾರು ಮೈಯಿಂದ ದೂರ, ಇಪ್ಪತ್ತಕ್ಕೆ ಬೆನ್ನು ಗೂನು. ವೇಟ್‌ಲಿಫ್ಟರ್ ಒಂದು, ಎರಡು, ಹೆಚ್ಚೆಂದರೆ ಮೂರು ಸಲ ಎತ್ತಿ ಕುಕ್ಕರಿಸುವುದು ಸೋಮಾರಿತನದಿಂದಲ್ಲ. ಕೆಟ್ಟದಾಗಿ ಎತ್ತುವುದನ್ನು ಮೈಗೆ ಕಲಿಸಬಾರದು ಎಂಬ ಹಟದಿಂದ. (ಕೆಲವರದು ಸೋಮಾರಿತನವೂ ಹೌದು. ಎರಡು ಎತ್ತಿನ ನಡುವೆ ಇಡೀ ಐಪಿಎಲ್ ಓವರು ನೋಡುವವರನ್ನು ಬಲ್ಲೆ.) ಇನ್ನು ಗುಂಪಿನವರ ಕಿಪ್ಪಿಂಗ್ ಪುಲ್‌ಅಪ್ಪನ್ನು, ಅಂದರೆ ಗೊರೂರು ಹಿನ್ನೀರಿನ ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡುತ್ತ ಸರಳಿಗೆ ಗದ್ದ ಮುಟ್ಟಿಸುವ ವಿದ್ಯೆಯನ್ನು, ನೋಡಿದಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ.

ಎತ್ತಿ ಕೂರುವವರ ಪಂಥಕ್ಕೆ ಪ್ರಮಾಣ ಬೇಕಿದ್ದರೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ, ಶ್ರವಣಬೆಳಗೊಳದ ಬೆಟ್ಟದ ಮೇಲೆ ಇದೆ. ದೃಷ್ಟಿಯುದ್ಧ, ಜಲಯುದ್ಧ ಮುಗಿಸಿ ಮಲ್ಲಯುದ್ಧಕ್ಕಿಳಿದ ಬಾಹುಬಲಿ ಅಣ್ಣ ಭರತನನ್ನು ಮೇಲಕ್ಕೆತ್ತಿದನಂತೆ. ಎತ್ತಿದ್ದು ಒಂದೇ ಸಲ. ದಡಾರನೆ ಕುಕ್ಕಲಿಲ್ಲ, ಗೌರವದಿಂದ ಇಳಿಸಿದ. ಆಮೇಲೆ ಕಾಲಿಗೆ ಬಳ್ಳಿ ಹಬ್ಬುವಷ್ಟು ಕಾಲ ಬಿಡುವು, ಅದೂ ನಿಂತುಕೊಂಡೇ. ಸೀಟಿ ಊದುವವರು ಯಾರಾದರೂ ಅಲ್ಲಿದ್ದು ‘ಇನ್ನು ಇಪ್ಪತ್ತೊಂಬತ್ತು ಬಾಕಿ’ ಎಂದಿದ್ದರೆ ಜೈನ ಪುರಾಣದ ಗತಿ ಏನಾಗುತ್ತಿತ್ತೋ.

ಆದರೆ ಗುಂಪಿನವರ ಕೈಯಲ್ಲೂ ದಾಖಲೆ ಉಂಟು. ಹಳೇ ಮೈಸೂರಿನ ಗರಡಿ ಮನೆಗಳಲ್ಲಿ ದಂಡೆ, ಬಸ್ಕಿಗಳನ್ನು ನೂರರ ಲೆಕ್ಕದಲ್ಲಿ ಹೊಡೆಸುತ್ತಿದ್ದರು, ಅದೂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ. ಉಸ್ತಾದರು ಸಾಕು ಅನ್ನುವ ತನಕ ಮುಗಿಯಿತು ಅನ್ನುವಂತಿರಲಿಲ್ಲ. ಗದೆ ತಿರುಗಿಸು, ಮಟ್ಟಿ ಅಗೆ, ಮತ್ತೆ ಬಸ್ಕಿ ಹೊಡಿ. ಇದರ ಮೇಲೊಂದು ಸ್ಪೀಕರು ಇಟ್ಟು ತಿಂಗಳಿಗೆ ಫೀಸು ಕಟ್ಟಿಸಿಕೊಂಡರೆ ಇಂದಿನ ಬೂಟ್‌ಕ್ಯಾಂಪಿಗೂ ಅದಕ್ಕೂ ಏನು ವ್ಯತ್ಯಾಸ? ಮಾರುತಿಯ ಪಟವೊಂದು ಕಡಿಮೆ, ಕನ್ನಡಿ ನಾಲ್ಕು ಜಾಸ್ತಿ. ಜಾಸ್ತಿ ಸಲ ಮಾಡುವುದು ಪರದೇಶದ ರೋಗ ಎಂದು ಮೂಗು ಮುರಿಯುವ ನಮ್ಮ ವೇಟ್‌ಲಿಫ್ಟರ್ ಮರೆಯುವ ಸಂಗತಿಯೊಂದಿದೆ: ಅವನ ಸ್ನ್ಯಾಚೇನೂ ಹಳೇಬೀಡಿನಲ್ಲಿ ಹುಟ್ಟಿದ್ದಲ್ಲ.

ಈ ಜಗಳಕ್ಕೆ ಮೂರನೆಯ ಕಕ್ಷಿದಾರನನ್ನು ಕರೆಯುವುದು ಅಂಕಣಕಾರರ ಚಾಳಿ, ನಾನೂ ಕರೆಯುತ್ತೇನೆ. ನಮ್ಮ ಕಡೆ ಶುಂಠಿಗೆ ರೇಟು ಕಟ್ಟುವುದು 60 ಕೆ.ಜಿ. ಮೂಟೆಗೆ. ಗ್ರೇಸ್‌ಗೂ ಶುಂಠಿಗೂ ಒಂದೇ ಕೆ.ಜಿ. ಅಂತರ. ಆಲೂಗಡ್ಡೆಯನ್ನು ಅಂಗಮಾರಿ ತಿಂದ ಮೇಲೆ ಅರಕಲಗೂಡಿನ ಹೊಲಗಳಿಗೆ ಶುಂಠಿ ಬಂತು, ಶುಂಠಿಯ ಹಿಂದೆ ಲಾರಿಗಳು ಬಂದವು. ಒಂದು ಲಾರಿ ತುಂಬುವಷ್ಟರಲ್ಲಿ ಹಮಾಲಿಗಳು ಎಷ್ಟು ಗ್ರೇಸ್ ಮುಗಿಸುತ್ತಾರೆಂದು ಕ್ಯಾಲಿಫೋರ್ನಿಯಾಕ್ಕೆ ತಿಳಿದರೆ ಪದಕದ ಪಟ್ಟಿಯೇ ತಿದ್ದಬೇಕಾಗುತ್ತದೆ ಎಂದು ಬರೆದು ಚಪ್ಪಾಳೆ ಗಿಟ್ಟಿಸಬಹುದು. ಆದರೆ ಹಮಾಲಿ ಮಹಾಶಯ ಇಬ್ಬರಿಗೂ ಒಗ್ಗದವನು. ಮೂಟೆಯನ್ನು ಅವನು ನೆಲದಿಂದ ಒಬ್ಬನೇ ಎತ್ತುವುದಿಲ್ಲ. ಇಬ್ಬರು ಎತ್ತಿ ಬೆನ್ನಿಗೆ ಹೊರಿಸಬೇಕು. ವೇಟ್‌ಲಿಫ್ಟರ್ ಪ್ರಕಾರ ಅದು ಫೌಲು, ಗುಂಪಿನವನ ಪ್ರಕಾರ ಸಹಾಯ ಪಡೆದದ್ದು. ಮಗನನ್ನೋ ಅವನು ಯಾವ ಕಾರಣಕ್ಕೂ ಮೂಟೆಯ ಹತ್ತಿರ ಬಿಡುವುದಿಲ್ಲ. ಮಗ ಬೆಳಗಿನ ಬ್ಯಾಚಿನಲ್ಲಿ ಫೀಸು ಕಟ್ಟಿ ಲಾರಿ ಟೈರು ಮಗುಚುತ್ತಿದ್ದಾನೆ, ಕಾನ್‌ಸ್ಟೇಬಲ್ ಪರೀಕ್ಷೆಯ 1600 ಮೀಟರ್ ಓಟಕ್ಕೆ ದಮ್ಮು ಬೇಕೆಂದು.

ಮೊಣಕೈ, ಮಂಡಿ, ಬೆನ್ನುಮೂಳೆ ಎಂದೆಲ್ಲ ಆಡುವ ಈ ಜಗಳದ ಬೇರು ಇಲ್ಲೇ ಎಲ್ಲೋ ಇದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿಯನ್ನು ನೋಡಿ. ತಂದೆ ವಾಹನ ಚಾಲಕರು. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಬಾರು ಹಿಡಿದು, ವಾಯುಪಡೆ ಸೇರಿ, 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದರು. 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ., ಬೆಳ್ಳಿ. ಕ್ಲೀನ್ ಅಂಡ್ ಜರ್ಕ್‌ನ ಮೊದಲೆರಡು ಯತ್ನ ಕೈಕೊಟ್ಟಿದ್ದವು. ಉಳಿದಿದ್ದ ಒಂದರಲ್ಲಿ 138 ಕೆ.ಜಿ. ಮೇಲೆ ನಿಂತಿತು. ಹಾಸನದ ವೇಟ್‌ಲಿಫ್ಟರ್ ಈ ವಿಡಿಯೋ ನೋಡುವಾಗ ಕಾಣುವುದು ಪದಕವನ್ನಷ್ಟೇ ಅಲ್ಲ, ಅದರ ಬೆನ್ನಿಗೆ ಬರುವ ಸರ್ಟಿಫಿಕೇಟನ್ನು. ರೈಲ್ವೆ, ಸೇನೆ, ಪೊಲೀಸು, ಕ್ರೀಡಾ ಕೋಟಾ. ಆ ಕಾಗದಕ್ಕಾಗಿ ಮೊಣಕೈ ಮಡಿಚದೆ ವರ್ಷಗಟ್ಟಲೆ ತೇದವನ ಮುಂದೆ, ಮಡಿಚಿದ ಮೊಣಕೈಯನ್ನೂ ಲೆಕ್ಕಕ್ಕೆ ಹಿಡಿದು ‘ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಸೂಪರ್ ಮೇಡಂ’ ಎಂದು ಕೂಗಿದರೆ ಹೊಟ್ಟೆ ಉರಿಯದೆ ಇನ್ನೇನಾದೀತು? ಓದಿ ಪಾಸಾದವನಿಗೆ ಗ್ರೇಸ್ ಮಾರ್ಕಿನಲ್ಲಿ ಪಾಸಾದವನನ್ನು ಕಂಡರೆ ಆಗುವ ಉರಿ ಅದು.

ಅಮೆರಿಕದಲ್ಲೂ ಕಥೆ ಬೇರೆಯಲ್ಲ. ತರಬೇತುದಾರರಿಗೆ ಸರ್ಟಿಫಿಕೇಟು ಕೊಡುವ ಹಳೆಯ ಸಂಘವೊಂದಿದೆ, ನ್ಯಾಷನಲ್ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಅಸೋಸಿಯೇಷನ್. ಅತ್ತ ಕ್ರಾಸ್‌ಫಿಟ್‌ನ ಮೊದಲ ಹಂತದ ಸರ್ಟಿಫಿಕೇಟು ಎರಡೇ ದಿನದ ಶಿಬಿರಕ್ಕೆ ಸಿಗುತ್ತದೆ. ನಮ್ಮಲ್ಲಿ ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ ಇದಕ್ಕಿಂತ ಹೆಚ್ಚು ದಿನ ಅಲೆಸುತ್ತದೆ. 2013ರಲ್ಲಿ ಸಂಘದ ಪತ್ರಿಕೆಯಲ್ಲಿ ಅಧ್ಯಯನವೊಂದು ಬಂತು, ಕ್ರಾಸ್‌ಫಿಟ್ ಮಾಡಿದವರಲ್ಲಿ ಕೆಲವರು ಗಾಯಗೊಂಡು ಅರ್ಧಕ್ಕೇ ಬಿಟ್ಟರು ಎಂದು. ಅಂಕಿಗಳು ಸುಳ್ಳು ಎಂದು ಕ್ರಾಸ್‌ಫಿಟ್ 2014ರಲ್ಲಿ ಕೋರ್ಟು ಹತ್ತಿತು, 2017ರಲ್ಲಿ ಆ ಪ್ರಬಂಧವನ್ನೇ ಹಿಂತೆಗೆಯಲಾಯಿತು, 2019ರಲ್ಲಿ ನ್ಯಾಯಾಲಯ ಸಂಘಕ್ಕೆ ಭಾರಿ ದಂಡ ಹಾಕಿತು. ಬೇರೆ ಅಧ್ಯಯನಗಳು ಗಾಯದ ಪ್ರಮಾಣ ಹೆಚ್ಚುಕಡಿಮೆ ವೇಟ್‌ಲಿಫ್ಟಿಂಗ್‌ನಷ್ಟೇ ಎನ್ನುತ್ತವೆ. ಭುಜ, ಸೊಂಟ ಎರಡೂ ಕಡೆ ಕೆಡುತ್ತವೆ. ಒಬ್ಬರದು ನಿಧಾನವಾಗಿ, ಇನ್ನೊಬ್ಬರದು ಸಂಗೀತದೊಂದಿಗೆ.

ಹಾಗೆಂದು ಗುಂಪಿನವರಿಗೆ ಹಾರ ಹಾಕಬೇಕಾಗಿಲ್ಲ. ರೂಢಿಯಿಲ್ಲದ ಮೈಯನ್ನು ಒಂದೇ ದಿನ ವಿಪರೀತ ದುಡಿಸಿದರೆ ಸ್ನಾಯು ಒಡೆದು ಅದರ ಕಸ ರಕ್ತಕ್ಕೆ ಸೇರುತ್ತದೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡ ಕೈಚೆಲ್ಲುತ್ತದೆ. ರ‍್ಯಾಬ್ಡೋಮಯೊಲಿಸಿಸ್ ಎಂದು ಅದರ ಹೆಸರು. ಈ ಅಪಾಯ ಕ್ರಾಸ್‌ಫಿಟ್‌ನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ‘ಅಂಕಲ್ ರ‍್ಯಾಬ್ಡೋ’ ಎಂಬ ಜೋಕರನ ಚಿತ್ರ ಬರೆಸಿದ್ದರು, ಡಯಾಲಿಸಿಸ್ ಯಂತ್ರದ ಪಕ್ಕ ನಿಲ್ಲಿಸಿ. ನಮ್ಮ ಬೀಡಿ ಕಟ್ಟಿನ ಮೇಲಿನ ಚಿತ್ರಕ್ಕಾದರೂ ಹೆದರಿಸುವ ಉದ್ದೇಶವಿದೆ.

2025ರ ಜೂನ್‌, ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ನಾಡೆಲ್ಲ ಹಬ್ಬಿದಾಗ ಎರಡೂ ಪಂಥಗಳು ಕೆಲವು ವಾರ ಒಂದಾಗಿದ್ದವು. ಟಿ.ವಿ.ಯವರು ದಿನವೂ ಲೆಕ್ಕ ಕೊಡುತ್ತಿದ್ದರು, ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನಸುಕಿಗೇ ಸಾಲು ನಿಲ್ಲುತ್ತಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಸಕ್ಕರೆ, ರಕ್ತದೊತ್ತಡ, ಹೊಗೆಸೊಪ್ಪಿನಂಥ ಹಳೆಯ ಗೆಳೆಯರ ಹೆಸರನ್ನೇ ಹೇಳಿತು. ಅಷ್ಟರಲ್ಲಿ ವೇಟ್‌ಲಿಫ್ಟರ್ ‘ಹಾರ್ಟಿಗೆ ಗುಂಪಿನವರ ಕುಣಿತವೇ ಕೆಟ್ಟದ್ದು’ ಎಂದೂ, ಗುಂಪಿನವನು ‘ಉಸಿರು ಬಿಗಿಹಿಡಿದು ಎತ್ತುವುದೇ ಕೆಟ್ಟದ್ದು’ ಎಂದೂ ಇಸಿಜಿ ಸಾಲಿನಲ್ಲಿ ಹಿಂದೆಮುಂದೆ ನಿಂತು ವಾದಿಸುತ್ತಿದ್ದರು. ಒಬ್ಬರ ಟೋಕನ್ನು ಇನ್ನೊಬ್ಬರು ಕಾದುಕೊಟ್ಟದ್ದೂ ಉಂಟು.

ವೇಟ್‌ಲಿಫ್ಟರ್ ಬಾಯಿಬಿಟ್ಟು ಒಪ್ಪದ ಸಾಲವೊಂದಿದೆ. ಕರ್ಣಂ ಮಲ್ಲೇಶ್ವರಿ ಸಿಡ್ನಿಯಲ್ಲಿ 240 ಕೆ.ಜಿ. ಎತ್ತಿ ಕಂಚು ತಂದದ್ದೂ 2000ರಲ್ಲೇ, ಗ್ಲಾಸ್‌ಮನ್ ಅಂಗಡಿ ತೆರೆದ ವರ್ಷವೇ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ವೇಟ್‌ಲಿಫ್ಟಿಂಗ್ ಶುರುವಾದದ್ದೇ ಆಗ. ಪತ್ರಿಕೆಗಳಲ್ಲಿ ಫೋಟೋ ಬಂತು, ಭಾಷಣಗಳಾದವು, ಆದರೆ ನಮ್ಮ ತಾಲ್ಲೂಕುಗಳ ಯಾವ ಗೃಹಿಣಿಯೂ ಬಾರಿನ ಕಡೆ ತಿರುಗಲಿಲ್ಲ. ತಿರುಗಿಸಿದ್ದು ಜುಂಬಾ, ಅದರ ಬೆನ್ನಿಗೆ ಬಂದ ಗುಂಪು ಬ್ಯಾಚು. ಎತ್ತರದಿಂದ ಬಿಟ್ಟರೂ ನೆಲ ಒಡೆಯದ ರಬ್ಬರ್ ಪ್ಲೇಟಿಗೆ ಮಾಲೀಕರು ದುಡ್ಡು ಬಿಚ್ಚಿದ್ದೂ ಆ ಬ್ಯಾಚಿನ ಫೀಸಿನಿಂದ. ಗುರುರಾಜ ಬೆಳ್ಳಿ ಗೆದ್ದ ಅದೇ ಗೋಲ್ಡ್ ಕೋಸ್ಟ್‌ನಲ್ಲಿ ಹೆಂಗಸರ 58 ಕೆ.ಜಿ. ವಿಭಾಗದ ಚಿನ್ನ ಗೆದ್ದವರು ಆಸ್ಟ್ರೇಲಿಯಾದ ಟಿಯಾ ಕ್ಲೇರ್ ಟೂಮಿ. ಆಗಲೇ ಆಕೆ ಕ್ರಾಸ್‌ಫಿಟ್‌ನ ಜಗತ್ತಿನ ಚಾಂಪಿಯನ್. ಈ ಸಂಗತಿ ಹೇಳಿದರೆ ನಮ್ಮವನು “ಆಯಮ್ಮ ಮೊದ್ಲಿಂದ ನಮ್ಮೋಳೇ ಬಿಡಣ್ಣ” ಅನ್ನುತ್ತಾನೆ. ಮೊದಲು ಓಡುತ್ತಿದ್ದ ಆಕೆಯನ್ನು ಬಾರಿನ ಬಳಿಗೆ ಕರೆತಂದದ್ದೇ ಕ್ರಾಸ್‌ಫಿಟ್ ಎಂದರೆ ಮಂಡಿಗೆ ಪಟ್ಟಿ ಸುತ್ತಿಕೊಳ್ಳುವುದರಲ್ಲಿ ಮುಳುಗುತ್ತಾನೆ.

ಈಗ ಚನ್ನರಾಯಪಟ್ಟಣದ ಅದೇ ಜಿಮ್ಮಿನ ಮುಂದೆ ಹೊಸ ಫ್ಲೆಕ್ಸು ಬಿದ್ದಿದೆ: ‘ಒಲಿಂಪಿಕ್ ಲಿಫ್ಟಿಂಗ್ ಸ್ಪೆಷಲ್, ಬೆಳಗ್ಗೆ 6ರ ಬ್ಯಾಚ್’. ಸೀಟಿ ಕೊರಳಿಗೆ ಹಾಕಿಕೊಂಡು ನಿಂತವನು ನಮ್ಮ ವೇಟ್‌ಲಿಫ್ಟರೇ. ಬ್ಯಾಂಕಿನ ಮೇಡಮ್ಮೊಬ್ಬರು, ಶುಂಠಿ ವ್ಯಾಪಾರಿಯೊಬ್ಬರು, ಕಾನ್‌ಸ್ಟೇಬಲ್ ಆಗಲಿರುವ ಹುಡುಗರು ಖಾಲಿ ಬಾರು ಹಿಡಿದು ಸಾಲಾಗಿ ನಿಂತಿದ್ದಾರೆ. ಮೊಣಕೈಗಳು ಮಡಿಚುತ್ತಿವೆ, ಬೆನ್ನುಗಳು ಬಾಗುತ್ತಿವೆ, ಅವನು ಜೋರಾಗಿ ಎಣಿಸುತ್ತಿದ್ದಾನೆ. ಏನಪ್ಪಾ ಇದು ಎಂದು ಕೇಳಿದ್ದಕ್ಕೆ ಪಕ್ಕಕ್ಕೆ ಬಂದು ದನಿ ತಗ್ಗಿಸಿದ: “ಮೂರು ತಿಂಗಳ ಫೀಸು ಅಡ್ವಾನ್ಸ್ ಕಟ್ಟವ್ರೆ ಕಣಣ್ಣ. ಕೆಂಪು ದೀಪ ಹಾಕ್ತಾ ಕೂತ್ರೆ ರಿನ್ಯೂವಲ್ ಮಾಡುಸ್ತಾರಾ?”