ಫಲಾಪೇಕ್ಷೆಯಿಲ್ಲದ ದಾನಿಗಳಿಗೆ

ಅಮೆರಿಕದ ಬೆಥೆಸ್ಡಾದಲ್ಲಿ ನೆಲೆಸಿ, ವೈದ್ಯಕೀಯ ಸಂಶೋಧನೆಗೆ ಸರ್ಕಾರದ ಹಣ ಹಂಚುವ ಎನ್‌ಐಎಚ್‌ನ ಮಹಾದಾನಿಗಳಿಗೆ,



ಫಲದ ಆಸೆಯಿಲ್ಲದೆ ಕರ್ಮ ಮಾಡಬೇಕೆಂದು ಉಪದೇಶಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮಾಡಿ ತೋರಿಸಿದವರು ನೀವು. ನಿಮ್ಮ ದುಡ್ಡಿನಲ್ಲಿ ನಡೆದು, 2019 ಮತ್ತು 2020ರಲ್ಲಿ ಫಲಿತಾಂಶ ಒಪ್ಪಿಸಬೇಕಿದ್ದ 72 ಕ್ಲಿನಿಕಲ್ ಟ್ರಯಲ್‌ಗಳನ್ನು ನಿಮ್ಮದೇ ಸರ್ಕಾರದ ತಪಾಸಣಾಧಿಕಾರಿಗಳು ಪರಿಶೀಲಿಸಿದರು. ಹೊತ್ತಿಗೆ ಸರಿಯಾಗಿ ಒಪ್ಪಿಸಿದ್ದು 35. ತಡವಾಗಿ ಬಂದದ್ದು 12. ಮಿಕ್ಕ 25ರದ್ದು ಪತ್ತೆಯೇ ಇರಲಿಲ್ಲ. ಹಾಗೆ ಬಾಕಿ ಉಳಿಸಿಕೊಂಡವರಿಗೂ ನೀವು ಹೊಸ ಸಂಶೋಧನೆಗೆ ಹಣ ಕೊಡುತ್ತಲೇ ಇದ್ದಿರೆಂದು 2022ರ ತಪಾಸಣಾ ವರದಿ ಹೇಳುತ್ತದೆ. ಹಳೇ ಸಾಲ ತೀರಿಸದೆ ಹೊಸದನ್ನು ಕೇಳಲು ಹೋದವನನ್ನು ನಮ್ಮ ಸಹಕಾರ ಸಂಘದ ಕಾರ್ಯದರ್ಶಿ ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾನೆ. ನಿಮ್ಮ ಕಚೇರಿಯಲ್ಲಿ ಯಾರಿಗೂ ಕನ್ನಡಕವೇ ಇಲ್ಲವೇನೋ.

ಕಾನೂನು ಇಲ್ಲವೆಂದಲ್ಲ. ಟ್ರಯಲ್‌ನ ಮುಖ್ಯ ಮಾಹಿತಿ ಕೈಸೇರಿದ ಒಂದು ವರ್ಷದೊಳಗೆ ಫಲಿತಾಂಶ ಸಾರ್ವಜನಿಕ ನೋಂದಣಿಗೆ ಬರಬೇಕೆಂಬುದು 2007ರ ಕಾಯ್ದೆಯ ಸಾಮಾನ್ಯ ನಿಯಮ. ಅದು ಬಂದಿದೆಯೇ ಎಂದು ನೋಡಿಯೇ ಉಳಿದ ಹಣ ಬಿಡಬೇಕು, ಮುಂದಿನ ಅನುದಾನವನ್ನೂ ಕೊಡಬೇಕು ಎಂದು ಅದೇ ಕಾಯ್ದೆ ನಿಮಗೂ ತಾಕೀತು ಮಾಡಿದೆ. ದಾನ ಮಾಡುವಾಗ ಇಂಥದ್ದನ್ನೆಲ್ಲ ಓದುತ್ತ ಕೂರಲಾದೀತೇ!

ಫಲಿತಾಂಶ ಬಚ್ಚಿಟ್ಟರೆ ಏನಾಗುತ್ತದೆಂದು ಕೇಳಿ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಖಿನ್ನತೆಯ ಮಾತ್ರೆಗಳ 74 ಟ್ರಯಲ್‌ಗಳ ಜಾಡು ಹಿಡಿದಿತ್ತು. ಔಷಧ ನಿಯಂತ್ರಕರ ಕಣ್ಣಿಗೆ 38 ಗೆದ್ದಿದ್ದವು. ಒಂದನ್ನು ಬಿಟ್ಟು ಎಲ್ಲ ಅಚ್ಚಾದವು. ಗೆಲ್ಲದ 36ರಲ್ಲಿ 22 ಬೆಳಕು ಕಾಣಲಿಲ್ಲ, 11 ಗೆದ್ದವರ ವೇಷ ತೊಟ್ಟು ಬಂದವು. ಸೋತೆವೆಂದು ನೇರವಾಗಿ ಹೇಳಿದ್ದು ಮೂರೇ. ಅವನ್ನು ನಡೆಸಿದ್ದು ಔಷಧ ಕಂಪನಿಗಳು, ಮಾರುವವನು ಹುಳುಕು ಮುಚ್ಚಿಟ್ಟ ಎನ್ನೋಣ. ನಿಮಗೆ ಮಾರಲು ಏನಿತ್ತು ಸ್ವಾಮಿ?

ನಿಮ್ಮಂತೆಯೇ ಸಂಶೋಧನೆಗೆ ಸರ್ಕಾರದ ಹಣ ಹಂಚುವ ಬ್ರಿಟನ್ನಿನ ಎನ್‌ಐಎಚ್‌ಆರ್‌ನವರು ಮಾತ್ರ ಜಿಪುಣರು. ಅವರ ಒಂದು ಯೋಜನೆಯಲ್ಲಿ ವರದಿ ಕೈಗೆ ಬರುವತನಕ ಕೊನೆಯ ಕಂತು ಬಿಚ್ಚುವುದಿಲ್ಲ. ವಿಚಿತ್ರವೆಂದರೆ, ಅಲ್ಲಿ ವರದಿಗಳು ಬರುತ್ತವೆ. ಅವರ ಸಹವಾಸ ಮಾಡಬೇಡಿ.

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ 2017ರಲ್ಲಿ, ಫಲಿತಾಂಶ ಬಯಲಿಗೆ ಬರುವಂತೆ ನೋಡಿಕೊಳ್ಳುತ್ತೇವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ಹೇಳಿಕೆಗೆ ಸಹಿ ಹಾಕಿದೆ. ಖರ್ಚಿನ ಯುಟಿಲೈಸೇಷನ್ ಸರ್ಟಿಫಿಕೇಟ್ ಇಲ್ಲದೆ ಮುಂದಿನ ಕಂತು ಅಲುಗದ ದೇಶ ನಮ್ಮದು. ರೂಪಾಯಿಗೆ ಸಿಗುವ ಈ ಮರ್ಯಾದೆ ಫಲಿತಾಂಶಕ್ಕೂ ಸಿಕ್ಕರೆ ನಿಮ್ಮ ಪಂಥಕ್ಕೇ ಅಪಾಯ. ಬೇಗ ಒಂದು ನಿಯೋಗ ಕಳಿಸಿ, ನಮ್ಮ ಮಂಡಳಿಯವರಿಗೆ ನಿಷ್ಕಾಮಕರ್ಮದ ದೀಕ್ಷೆ ಕೊಡಿಸಿ.

ಇಂತಿ,
ಮುಂದಿನ ರೋಗಿಗಳಿಗೆ ಉಪಯೋಗವಾದೀತೆಂದು ನಂಬಿ ಟ್ರಯಲ್‌ಗಳಿಗೆ ರಕ್ತ ಕೊಟ್ಟವರ ಪರವಾಗಿ ಒಬ್ಬ