ಫಾರ್ಮ್ಯಾಟ್ ಮಾಡ್ಬಿಡಿ ಸಾರ್

ಬೆಂಗಳೂರಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಸಾಫ್ಟ್‌ವೇರ್ ಇಂಜಿನಿಯರ್‌ಗೇ ತಾಗುತ್ತದೆ ಎನ್ನುವ ಮಾತಿದೆ. ನಿಜವಿರಬಹುದು. ಆದರೆ ಮನೆಯ ಕಂಪ್ಯೂಟರ್ ಕೆಟ್ಟ ದಿನ ಇಡೀ ಊರಿನಲ್ಲಿ ಒಬ್ಬನೂ ಕಲ್ಲಿಗೆ ಸಿಗುವುದಿಲ್ಲ. ನಮ್ಮ ಬಳಗದಲ್ಲೇ ಬೇಕಾದಷ್ಟು ಜನ ಇದ್ದಾರೆ. ಷಡ್ಡಕನ ಮಗನಿಗೆ ಫೋನ್ ಮಾಡಿದೆ. "ಅಂಕಲ್, ಅದು ಹಾರ್ಡ್‌ವೇರ್. ನಾನಿರೋದು ಕ್ಲೌಡ್‌ನಲ್ಲಿ" ಎಂದ. ಕೆಳಗಿಳಿಯುವ ಲಕ್ಷಣ ಕಾಣಲಿಲ್ಲ. ಟೆಸ್ಟಿಂಗ್‌ನಲ್ಲಿರುವ ಸೋದರಸೊಸೆ ನನ್ನ ಗೋಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, "ಹೌದು ಮಾವ, ಕೆಟ್ಟಿದೆ" ಎಂದು ಖಚಿತಪಡಿಸಿದಳು. ಅವಳ ಕೆಲಸ ಅಲ್ಲಿಗೆ ಮುಗಿಯುತ್ತದಂತೆ.

ಕೆಟ್ಟದ್ದಾದರೂ ಹೇಗೆ? ಪೂರ್ತಿ ಸತ್ತಿದ್ದರೆ ಅಳಬಹುದಿತ್ತು. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಕೀಬೋರ್ಡಿನ ದೀಪ ಮಿನುಗುತ್ತದೆ, ವಿಂಡೋಸ್‌ನ ಕಿಟಕಿ ಮೂಡುತ್ತದೆ, ಅದರಡಿ "ಆಟೋಮ್ಯಾಟಿಕ್ ರಿಪೇರಿಗೆ ಸಿದ್ಧತೆ ನಡೆದಿದೆ" ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಚುಕ್ಕಿಗಳು ಸುತ್ತುತ್ತವೆ. ಪರದೆ ಕಪ್ಪಾಗುತ್ತದೆ. ಮತ್ತೆ ಕಿಟಕಿ, ಮತ್ತೆ ಸಿದ್ಧತೆ. "ಥೇಟ್ ನಿಮ್ಮ ಕಾದಂಬರಿ" ಎಂದಳು ಹೆಂಡತಿ. ನನ್ನ ಕಾದಂಬರಿಗೂ ಮದುವೆಯಾದಂದಿನಿಂದ ಸಿದ್ಧತೆ ನಡೆದಿದೆ.

ಬಡಾವಣೆಯ ರಿಪೇರಿ ಅಂಗಡಿಯ ಹುಡುಗ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. ಅವನ ಔಷಧಿ ಒಂದೇ. "ಫಾರ್ಮ್ಯಾಟ್ ಮಾಡ್ಬಿಡಿ ಸಾರ್, ಹೊಸದಾಗುತ್ತೆ."

"ಒಳಗಿರೋ ಫೈಲುಗಳು?"

"ಹೋಗುತ್ತೆ ಸಾರ್." ಭಗವದ್ಗೀತೆ ಓದಿಕೊಂಡವನ ನಿರ್ಲಿಪ್ತತೆ.

ಪೆಟ್ಟಿಗೆ ಹೊತ್ತುಕೊಂಡು ವಾಪಸ್ ಬಂದೆ. ಕೊನೆಗೆ ಆಪತ್ಕಾಲಕ್ಕೆ ಒದಗಿದವನು ತಿಪಟೂರಿನಲ್ಲಿ ಬಿ.ಕಾಂ. ಓದುತ್ತಿರುವ ಅಕ್ಕನ ಮಗ. ಅವನು ಮಾಡಿದ ಮೊದಲ ಕೆಲಸ, ಕ್ಯಾಬಿನೆಟ್ಟಿಗೆ ಕಿವಿಯಿಟ್ಟದ್ದು. ಒಳಗಿನಿಂದ ಟಿಕ್, ಟಿಕ್ ಎಂದು ಬಿಟ್ಟುಬಿಟ್ಟು ಸದ್ದು. ಅಷ್ಟು ದಿನವೂ ಆ ಸದ್ದನ್ನು ನಾನು ಗೋಡೆಯ ಮೇಲಿನ ಹಲ್ಲಿಯ ಲೆಕ್ಕಕ್ಕೆ ಹಾಕಿದ್ದೆ. ಅದು ನನ್ನ ಮಾತುಗಳಿಗೆ ಸತ್ಯ ಸತ್ಯ ಎನ್ನುತ್ತಿದೆಯೆಂಬ ಸಮಾಧಾನವೂ ಇತ್ತು.

"ಮೊದಲು ಆಫ್ ಮಾಡಿ ಮಾವ. ಎಷ್ಟು ಸಲ ಆನ್ ಮಾಡ್ತೀರೋ ಅಷ್ಟು ಆಯಸ್ಸು ಕಮ್ಮಿ."

ಹಾರ್ಡ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವಂತೆ. ಅವುಗಳ ಮೇಲೆ ಓದುವ ಮುಳ್ಳು ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಟಿಕ್ ಎಂದರೆ ಆ ಮುಳ್ಳು ದಾರಿ ತಪ್ಪಿ ಹಿಂದಕ್ಕೋಡಿ ಮತ್ತೆ ಹುಡುಕುತ್ತಿದೆ ಎಂದು. ಇಂಥ ಡಿಸ್ಕಿನ ಮೇಲೆ ರಿಪೇರಿ ಮಾಡಿಸುವುದೂ ಅಪಾಯವೇ. ವಿಂಡೋಸ್‌ನಲ್ಲೇ "ನನ್ನ ಫೈಲುಗಳನ್ನು ಉಳಿಸಿ ರೀಸೆಟ್ ಮಾಡು" ಎನ್ನುವ ಸೌಕರ್ಯವಿದೆ. ಪ್ರೋಗ್ರಾಮುಗಳು ಹೋಗಿ ಸ್ವಂತ ಫೈಲುಗಳು ಉಳಿಯುತ್ತವೆ. ಆದರೆ ಅದು ಡಿಸ್ಕ್ ಗಟ್ಟಿಯಿದ್ದವರಿಗೆ. ಸಾಯುವ ಡಿಸ್ಕಿನ ಮೇಲೆ ಏನು ಬರೆಯಹೋದರೂ ಅದೇ ಅದರ ಕೊನೆಯ ಬರಹವಾದೀತು. ಫಾರ್ಮ್ಯಾಟ್ ಕೂಡ, ಅವಸರದ್ದಾದರೆ, ಪುಸ್ತಕದ ಪರಿವಿಡಿ ಹರಿದು ಹಾಕಿದ ಹಾಗೆ. ಪುಟಗಳು ಒಳಗೇ ಇರುತ್ತವೆ. ಅದರ ಮೇಲೆ ಹೊಸ ವಿಂಡೋಸ್ ತುಂಬಿದಾಗ ಪುಟಗಳೂ ಹೋಗುತ್ತವೆ. ಆದ್ದರಿಂದ ಫೈಲು ಮೊದಲು, ರಿಪೇರಿ ಆಮೇಲೆ.

ಆದರೂ ಕೇಬಲ್ಲು, ರ‍್ಯಾಮು ಸರಿಯಾಗಿ ಕೂತಿವೆಯೇ ನೋಡಿಬಿಡೋಣವೆಂದು ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಿದ. ನಮ್ಮ ಮನೆಯ ದೈವಭಕ್ತಿ ಪದರಪದರವಾಗಿ ಹೊರಬಿತ್ತು. ನಮ್ಮಲ್ಲಿ ಪ್ರತಿವರ್ಷ ಆಯುಧಪೂಜೆಗೆ ಸ್ಕೂಟರ್, ಈಳಿಗೆಮಣೆ, ಕಂಪ್ಯೂಟರ್ ಮೂರಕ್ಕೂ ಸಮಾನ ಮರ್ಯಾದೆ. ಫ್ಯಾನಿನ ರೆಕ್ಕೆಗಳಿಗೆ ಅರಿಶಿನ ಮೆತ್ತಿತ್ತು. ತಳದಲ್ಲಿ ಒಣಗಿದ ಸೇವಂತಿಗೆ ಎಸಳು, ಕರ್ಪೂರವೋ ಮತ್ತೊಂದೋ ಗುರುತು ಸಿಗದ ಬಿಳಿ ಹುಡಿ. ರ‍್ಯಾಮ್ ಕೂರುವ ಸೀಳಿನ ಬಾಯಲ್ಲಿ ಒಂದು ಅಕ್ಷತೆ ಕಾಳು ನೆಟ್ಟಗೆ ನಿಂತಿತ್ತು. ಹುಡುಗ ಅದನ್ನು ಚಿಮ್ಮಟದಿಂದ ಎತ್ತಿ ಅಂಗೈಯಲ್ಲಿಟ್ಟು ನನಗೆ ತೋರಿಸಿದ. ನನ್ನ ಅತ್ತೆ ಮಾತ್ರ ಜಗ್ಗಲಿಲ್ಲ. "ಪೂಜೆ ಮಾಡಿದ್ದಕ್ಕೇ ಇಷ್ಟು ವರ್ಷ ಬಂತು" ಎಂದರು. ಮಗಳ ಪೆನ್ಸಿಲ್ ಬಾಕ್ಸಿನ ರಬ್ಬರಿನಿಂದ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿ ಕೂರಿಸಿದ್ದಾಯಿತು. ರೋಗ ಅಲ್ಲಿರಲಿಲ್ಲ.

ಮುಂದಿನ ಉಪಾಯ, ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡುವುದು. ಪಕ್ಕದ ಮನೆಯವರ ಲ್ಯಾಪ್‌ಟಾಪಿನಲ್ಲಿ ಉಬುಂಟು ಎಂಬ ಲಿನಕ್ಸನ್ನು ಇಳಿಸಿಕೊಂಡು ಪೆನ್‌ಡ್ರೈವಿಗೆ ತುಂಬಿದರೆ, ಕಂಪ್ಯೂಟರ್ ತನ್ನ ಡಿಸ್ಕನ್ನು ಮರೆತು ಪೆನ್‌ಡ್ರೈವಿನಿಂದಲೇ ಎದ್ದು ಕೂರುತ್ತದೆ. ಆಮೇಲೆ ಒಳಗಿರುವುದನ್ನು ಹೊರಗಿನ ಡಿಸ್ಕಿಗೆ ಸಾಗಿಸಬಹುದು. ಕೇಳುವುದಕ್ಕೆ ಸುಲಭ. ಬೇಕಾದ್ದು 8 ಜಿಬಿಯ ಒಂದು ಪೆನ್‌ಡ್ರೈವು. ಹಾಗೆ ತುಂಬುವಾಗ ಅದರಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ. ಫೈಲುಳಿಸಲು ಫೈಲನ್ನೇ ಬಲಿ ಕೊಡಬೇಕು! ಮನೆಯಲ್ಲಿ ಸಿಕ್ಕಿದ್ದು ಎರಡು. ಒಂದರಲ್ಲಿ ಅತ್ತೆಯ ದಾಸರ ಪದಗಳು, ಇನ್ನೊಂದರಲ್ಲಿ ನನ್ನ ಕಾರಿನ ರಾಜ್‌ಕುಮಾರ್ ಹಾಡುಗಳು. ಚರ್ಚೆ ನಡೆಯಿತೆಂದು ಹೇಳಲಾರೆ. ಅತ್ತೆ ತಮ್ಮದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು, ಅಷ್ಟೆ.

ಕಂಪ್ಯೂಟರ್ ಆನ್ ಆದೊಡನೆ ಕಣ್ಣು ಮಿಟುಕಿಸುವುದರೊಳಗೆ ಬೂಟ್ ಮೆನುವಿನ ಕೀಲಿ ಒತ್ತಬೇಕು. ಅದು ಎಫ್ 12 ಇರಬಹುದು, ಎಫ್ 8 ಇರಬಹುದು, ಎಸ್ಕೇಪ್ ಇರಬಹುದು, ತಯಾರಿಸಿದವರ ಮರ್ಜಿ. ಈ ಜವಾಬ್ದಾರಿಯನ್ನು ಮನೆಯ ಯಜಮಾನನೆಂದು ನನಗೇ ವಹಿಸಲಾಯಿತು. ನಾನು ಕನ್ನಡಕ ಸರಿಮಾಡಿಕೊಂಡು ಎಫ್ 12 ಎಲ್ಲಿದೆಯೆಂದು ಹುಡುಕಿ ಮುಗಿಸುವಷ್ಟರಲ್ಲಿ ವಿಂಡೋಸ್ ಸಿದ್ಧತೆಗೆ ತೊಡಗಿರುತ್ತಿತ್ತು. ಆಮೇಲೆ ಮಗಳು ಒತ್ತಿದಳು. ನನಗೆ ಟಾರ್ಚ್ ಹಿಡಿಯುವ ಕೆಲಸ ಸಿಕ್ಕಿತು, ಕರೆಂಟಿದ್ದರೂ.

ಪರದೆಯ ಮೇಲೆ ಎರಡು ಆಯ್ಕೆ: ಉಬುಂಟು ಪ್ರಯೋಗಿಸಿ ನೋಡು, ಉಬುಂಟು ಇನ್‌ಸ್ಟಾಲ್ ಮಾಡು. ಇನ್‌ಸ್ಟಾಲ್ ಎನ್ನುವುದು ಹೆಚ್ಚು ಪುರುಷಾರ್ಥದ ಮಾತಾಗಿ ಕಂಡು ನನ್ನ ಕೈ ಅತ್ತ ಹೋಯಿತು. ಹುಡುಗ ನನ್ನ ಮುಂಗೈ ಹಿಡಿದುಕೊಂಡ. ಮಾತಾಡಲಿಲ್ಲ, ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಪ್ರಯೋಗವನ್ನು ಆರಿಸಿ ಆಮೇಲೆ ಬಿಟ್ಟ.

ಹಳೇ ಡಿಸ್ಕು ಕಂಡಿತು! ಓದಬಹುದು, ಬರೆಯುವಂತಿಲ್ಲ ಎನ್ನುವ ಷರತ್ತಿನೊಂದಿಗೆ. ವಿಂಡೋಸ್ ಸರಿಯಾಗಿ ಮುಚ್ಚದೆ ಅರೆನಿದ್ದೆಯಲ್ಲಿದ್ದರೆ ಲಿನಕ್ಸ್ ಹೀಗೆ ದೂರ ನಿಲ್ಲುತ್ತದೆ. ನಮಗೆ ಬೇಕಾದ್ದೂ ಅದೇ. ಹಳೆಯ ಯಂತ್ರವಾದ್ದರಿಂದ ಬಚಾವಾದೆವು. ಈಚಿನ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಬಿದ್ದಿರುತ್ತದೆ, ಅದಕ್ಕೆ 48 ಅಂಕಿಯ ಕೀಲಿ ಬೇಕು. ನಾನು ಎ.ಟಿ.ಎಮ್ಮಿನ ನಾಲ್ಕು ಅಂಕಿಗೇ ಹೆಂಡತಿಯನ್ನು ಕೇಳುವವನು.

"ಡಿಸ್ಕ್ ಯಾವಾಗ ಬೇಕಾದರೂ ಕೈಕೊಡಬಹುದು. ಯಾವುದು ಮುಖ್ಯ ಅಂತ ಸಾಲಾಗಿ ಹೇಳಿ, ಆ ಕ್ರಮದಲ್ಲಿ ತೆಗೀತೀನಿ" ಎಂದ ಹುಡುಗ. ಅಲ್ಲಿಯವರೆಗೆ ಎಲ್ಲ ತಂತ್ರಜ್ಞಾನವಾಗಿತ್ತು. ಅಲ್ಲಿಂದ ಸಂಸಾರ ಶುರುವಾಯಿತು.

ಹೆಂಡತಿಗೆ ಮಗಳ ನಾಮಕರಣದ ಫೋಟೋಗಳು. ಮಗಳಿಗೆ ಕಾಲೇಜಿನ ಪ್ರಾಜೆಕ್ಟು. ಅವಳ ಪ್ರಕಾರ ಆ ನಾಮಕರಣದ ಫೋಟೋಗಳು ನಾಶವಾದರೂ ಚಿಂತೆಯಿಲ್ಲ. ಅತ್ತೆಗೆ ಕಾಶಿಯಾತ್ರೆಯ ವಿಡಿಯೊ. ನಾನು ಗಂಟಲು ಸರಿಮಾಡಿಕೊಂಡು, ಡೆಸ್ಕ್‌ಟಾಪಿನಲ್ಲಿ "ಸಮಗ್ರ ಸಾಹಿತ್ಯ" ಎಂಬ ಫೋಲ್ಡರಿದೆ, ಕನ್ನಡಕ್ಕೆ ನಷ್ಟವಾಗಬಾರದು ಎಂದೆ. ಯಾರೂ ತಿರುಗಿ ನೋಡಲಿಲ್ಲ. ಹುಡುಗನೊಬ್ಬ ದಯೆ ತೋರಿ ಅದರ ಗಾತ್ರ ನೋಡಿದ. "ಮಾವ, ಇದು 4 ಎಂಬಿ. ಬಿಸಿಬೇಳೆಬಾತ್ ಫೋಟೋ ಒಂದೇ 6 ಇದೆ."

ಹಾಗೆ ನನ್ನ ಜೀವಮಾನದ ಸಾಧನೆ ಬಿಸಿಬೇಳೆಬಾತಿಗಿಂತ ಹಗುರವೆಂದು ಇತ್ಯರ್ಥವಾಗಿ, ಹಗುರವಾದ್ದರಿಂದಲೇ ಮೊದಲು ದಾಟಿತು. ಕ್ಷಣಾರ್ಧದ ಕೆಲಸ. ಫೋಟೋಗಳು ರಾತ್ರಿಯವರೆಗೆ ಹೋದವು. ಉಳಿದ ಸಮಯ ತೋರಿಸುವ ಅಂಕಿಗೆ ಸ್ಥಿರಬುದ್ಧಿಯಿಲ್ಲ, ಒಮ್ಮೆ ಎರಡು ನಿಮಿಷ ಎನ್ನುತ್ತದೆ, ಒಮ್ಮೆ ಹನ್ನೊಂದು ಗಂಟೆ. ಕಾಶಿಯ ವಿಡಿಯೊ ಮಾತ್ರ ನಡುವೆ ಸಿಕ್ಕಿಬಿತ್ತು. ಟಿಕ್, ಟಿಕ್. ಡಿಸ್ಕಿನ ಆ ಜಾಗ ಕೆಟ್ಟಿದೆ, ಅಲ್ಲೇ ಹಟ ಹಿಡಿದರೆ ಮಿಕ್ಕದ್ದೂ ಹೋಗುತ್ತದೆ, ಅದನ್ನು ಬಿಟ್ಟು ಮುಂದೆ ಹೋಗಲೇ ಎಂದು ಹುಡುಗ ಅಳುಕುತ್ತ ಕೇಳಿದ. ಅತ್ತೆ ಸ್ವಲ್ಪ ಯೋಚಿಸಿದರು.

"ಬಿಡು ಮಗು. ಕಾಶಿಗೆ ಹೋದವರು ಇಷ್ಟವಾದ್ದೊಂದನ್ನು ಬಿಡಬೇಕು ಅಂತಾರೆ. ನಾನು ಹಾಗಲಕಾಯಿ ಬಿಟ್ಟು ಬಂದಿದ್ದೆ. ವಿಶ್ವನಾಥನಿಗೆ ಗೊತ್ತಾಗಿದೆ."

ಎಲ್ಲ ಮುಗಿದ ಮೇಲೆ ನನ್ನ ಸಾಹಿತ್ಯದ ಒಂದು ಕಡತ ತೆರೆಯಲು ಹೇಳಿದೆ. ಕನ್ನಡ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟೆಳೆದ ಎ, ಪೌಂಡಿನ ಗುರುತು, ಜರ್ಮನ್ನರ ಯಾವುದೋ ಅಕ್ಷರ, ಒಂದು ಕ್ಯೂ. ಪುಟದ ತುಂಬ ಅದೇ. ನನಗೆ ಎದೆ ಹೊಡೆದುಕೊಂಡಿತು. ಹೆಂಡತಿ ಮಾತ್ರ ಎರಡು ಪ್ಯಾರಾ ಗಮನವಿಟ್ಟು ನೋಡಿ, "ಹೋದ ವರ್ಷ ಪತ್ರಿಕೆಯವರು ವಾಪಸ್ ಕಳಿಸಿದ್ದು ಇದೇ ಅಲ್ವಾ?" ಎಂದಳು. ಫೈಲು ಕೆಟ್ಟಿರಲಿಲ್ಲ. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದು; ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ನುಡಿ ಫಾಂಟ್ ಹಾಕಿದೊಡನೆ ನನ್ನ ಶೈಲಿ ಮರಳಿತು. ಮೊದಲಿನದೇ ಅರ್ಥವಾಗುತ್ತಿತ್ತು ಎಂದು ಮಗಳು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ಎಸ್.ಪಿ. ರಸ್ತೆಯಿಂದ ಹೊಸ ಎಸ್‌ಎಸ್‌ಡಿ ತಂದು ವಿಂಡೋಸ್ ತುಂಬಿ ಕಂಪ್ಯೂಟರ್ ಸರಿಯಾಯಿತು. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಸಾಯುವಾಗ ಸದ್ದೂ ಮಾಡುವುದಿಲ್ಲವಂತೆ. ಊರಿಗೆ ಹೊರಡುವ ಮುನ್ನ ಹುಡುಗ ಉಪದೇಶ ಮಾಡಿದ: ಫೈಲುಗಳ ಮೂರು ಪ್ರತಿಯಿರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಮನೆಯಿಂದ ಹೊರಗಿರಬೇಕು. ಕ್ಲೌಡ್ ಎಂದೊಡನೆ ನನಗೆ ಷಡ್ಡಕನ ಮಗ ನೆನಪಾಗಿ ಬೇಡವೆಂದೆ. ಹೊರಗಿನ ಡಿಸ್ಕಿನ ಒಂದು ಪ್ರತಿಯನ್ನು ತುಮಕೂರಿನ ನಾದಿನಿಯ ಮನೆಗೆ ಕಳಿಸಿ, ಬೀರುವಿನಲ್ಲಿ ಜೋಪಾನವಾಗಿಡಲು ಹೇಳಿದೆ.

ಮೊನ್ನೆ ಅವಳ ಫೋನು. "ಭಾವ, ನೀವು ಕೊಟ್ಟ ಪೆಟ್ಟಿಗೆ ಸುಮ್ಮನೆ ಬೀರುವಿನಲ್ಲಿ ಕೂತಿತ್ತಲ್ಲ, ಸೆಟ್‌ಟಾಪ್ ಬಾಕ್ಸಿಗೆ ಚುಚ್ಚಿದೆ. ಇಂಗ್ಲಿಷಿನಲ್ಲಿ ಏನೋ ಕೇಳ್ತು, ಓಕೆ ಒತ್ತಿದೆ. ಈಗ ಎಲ್ಲ ಧಾರಾವಾಹಿನೂ ರೆಕಾರ್ಡ್ ಆಗುತ್ತೆ. ಜಾಗ ಎಷ್ಟಿದೆ ಅಂತೀರಿ! ಪೂರ್ತಿ ಖಾಲಿ."