ಜರಡಿಗೆ ಸಿಕ್ಕ 81 ನಾಟ್

ನಮೀಬಿಯಾದ ಲ್ಯೂಡೆರಿಟ್ಸ್‌ನಲ್ಲಿ ಉದ್ದನೆಯ ಕಾಲುವೆಯೊಂದನ್ನು ತೋಡಿದ್ದಾರೆ. ಮೀನಿಗಾಗಿಯೂ ಅಲ್ಲ, ನೀರಾವರಿಗೂ ಅಲ್ಲ. ಬಿರುಗಾಳಿಗೆ ಹಾಯಿ ಒಡ್ಡಿ ಹಲಗೆಯ ಮೇಲೆ ನಿಂತು ವೇಗದ ದಾಖಲೆ ಮುರಿಯುವುದಕ್ಕೆ. ವಿಂಡ್‌ಸರ್ಫಿಂಗ್ ಮಾಡುವವರು ತೋಳಿಗೆ ಕಟ್ಟಿಕೊಳ್ಳುವ ಜಿಪಿಎಸ್ ಪೆಟ್ಟಿಗೆ ಸೆಕೆಂಡಿಗೆ ಹತ್ತು ಸಲ ವೇಗ ಬರೆದುಕೊಳ್ಳುತ್ತದೆ. ಅಂಥದೊಂದು ಪೆಟ್ಟಿಗೆಯಲ್ಲಿ ಹುಟ್ಟಿ, ಅದೇ ಸಂಜೆ ಸಾಫ್ಟ್‌ವೇರಿನ ಜರಡಿಗೆ ಸಿಕ್ಕಿ ಹೊರಬಿದ್ದ ಅಂಕಿಯೊಂದು ಮಾತಿಗೆ ಸಿಕ್ಕಿತು. ಸಿಟ್ಟಿನಲ್ಲಿತ್ತು.

ನಿಮ್ಮ ಪರಿಚಯ?

81 ನಾಟ್. ಸೇಲ್‌ರಾಕೆಟ್ ಎಂಬ ದೋಣಿ ಇದೇ ನಮೀಬಿಯಾದ ವಾಲ್ವಿಸ್ ಬೇಯಲ್ಲಿ 2012ರಲ್ಲಿ 65.45 ನಾಟ್ ಓಡಿ ವಿಶ್ವದಾಖಲೆ ಮಾಡಿತಲ್ಲ, ಅದಕ್ಕಿಂತ ನಾನು ಹದಿನೈದು ನಾಟ್ ಮುಂದೆ. ನನಗೊಂದು ಹಾರ ಬೇಡವೇ?

ಆಗ ಸವಾರ ಎಲ್ಲಿದ್ದ?

ನೀರಿನೊಳಗೆ. ಬಿದ್ದಿದ್ದ.

ಬಿದ್ದವನ ವೇಗ 81?

ಅದು ನನ್ನ ತಪ್ಪಲ್ಲ ಸ್ವಾಮಿ. ಉಪಗ್ರಹದ ಸಂಕೇತ ನೀರನ್ನು ಹಾಯುವುದಿಲ್ಲ. ತೋಳು ಮುಳುಗಿತು, ಪೆಟ್ಟಿಗೆ ಕುರುಡಾಯಿತು. ಮೇಲೆದ್ದಾಗ ಒಂದಿಷ್ಟು ಸಂಕೇತ ನೇರವಾಗಿ ಬಂತು, ಒಂದಿಷ್ಟು ಅಲೆಗೆ ಬಡಿದು ಸುತ್ತಿಕೊಂಡು ಬಂತು. ಆ ಗಡಿಬಿಡಿಯಲ್ಲಿ ಏನೋ ಬರೆದುಕೊಂಡಿತು. ಆ ಏನೋ ಅಂದರೆ ನಾನು.

ಜರಡಿ ಕೊಟ್ಟ ಕಾರಣ?

30 ಇದ್ದದ್ದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 81 ಆಗಬೇಕಾದರೆ ಗುರುತ್ವದ ಸುಮಾರು 27 ಪಟ್ಟು ವೇಗೋತ್ಕರ್ಷ ಬೇಕಂತೆ. ಹಾಯಿ ಕಟ್ಟಿದ ಹಲಗೆ ಅಷ್ಟು ಜಿಗಿಯಲಾರದು ಎಂದು ಷರಾ ಬರೆದು ಅಳಿಸಿಬಿಟ್ಟರು. ನಾನೊಬ್ಬನೇ ನುಸುಳಿದ್ದರೂ ಇವರು ಲೆಕ್ಕಹಾಕುವ ಎರಡು ಸೆಕೆಂಡಿನ, ಅಂದರೆ ಇಪ್ಪತ್ತು ಅಂಕಿಗಳ, ಸರಾಸರಿ ಎರಡೂವರೆ ನಾಟ್ ಏರುತ್ತಿತ್ತು. ಸವಾರನೂ ಖುಷಿಯಾಗಿರುತ್ತಿದ್ದ, ಊರವರೂ ನಂಬುತ್ತಿದ್ದರು.

ಅಂದರೆ ಜರಡಿ ಸರಿಯಾಗೇ ಕೆಲಸ ಮಾಡಿದೆ.

ಎಲ್ಲಿ ಮಾಡಿದೆ? ನನ್ನ ತಮ್ಮಂದಿರನ್ನು ನೋಡಿ. ಅರ್ಧ ನಾಟ್, ಕಾಲು ನಾಟ್ ಸುಳ್ಳು ಹೇಳಿದವರು. ಅವರನ್ನು ಯಾರೂ ತಡೆಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತೀರಿ. ಇಲ್ಲಿ ಅಡಿಕೆ ಕದ್ದವರಿಗೆ ಸನ್ಮಾನ, ಆನೆ ಕದ್ದ ನನಗೆ ಕಸದ ಬುಟ್ಟಿ!

ಸಣ್ಣ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವಲ್ಲ?

ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದರೆ ಸರಿ. ಇವರು ತೆಗೆಯುವುದು ಅತಿ ಹೆಚ್ಚಿನದನ್ನು. ಗಂಟೆಗೆ 36,000 ಅಂಕಿ. ಇಪ್ಪತ್ತಿಪ್ಪತ್ತರ ಸಾಲುಗಳನ್ನು ಒಂದೊಂದು ಹೆಜ್ಜೆ ಸರಿಸುತ್ತ ಹೋದರೆ ಸಾಲುಗಳೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಗೆಲ್ಲುವ ಸಾಲು ಯಾವುದು? ಸವಾರ ಜೋರಾಗಿದ್ದದ್ದು, ಜೊತೆಗೆ ನಮ್ಮವರು ಮೇಲಕ್ಕೆ ತಪ್ಪಿದ್ದದ್ದು. ಕೆಳಕ್ಕೆ ತಪ್ಪಿದವರ ಹೆಸರೂ ಯಾರಿಗೂ ಗೊತ್ತಿಲ್ಲ, ಪಾಪ. ಸೆಕೆಂಡಿಗೆ ಒಂದರ ಬದಲು ಹತ್ತು ಬರೆದುಕೊಂಡರೆ ಸತ್ಯ ಹತ್ತು ಪಟ್ಟು ಹೆಚ್ಚುತ್ತದೆ ಎಂದುಕೊಂಡಿದ್ದರು. ಗೆಲ್ಲುವ ಅವಕಾಶ ಹೆಚ್ಚಿದ್ದು ನಮಗೆ.

ಪೆಟ್ಟಿಗೆಯೇ ಪ್ರತಿ ಅಂಕಿಯ ಪಕ್ಕದಲ್ಲಿ ಎಷ್ಟು ತಪ್ಪಿರಬಹುದು ಎಂದು ಬರೆಯುತ್ತದಂತೆ?

ಬರೆಯುತ್ತದೆ. ತಪ್ಪಿತಸ್ಥನೇ ಪಂಚನಾಮೆ ಬರೆದ ಹಾಗೆ. ಆದರೂ ನನ್ನ ಪಕ್ಕ ಮಾತ್ರ ದೊಡ್ಡ ಅಂಕಿ ಬರೆದು ಸಿಕ್ಕಿಸಿತು, ದ್ರೋಹಿ.

ಚಿಪ್‌ನೊಳಗೂ ಒಂದು ಜರಡಿ ಇದೆಯಂತಲ್ಲ?

ಅದರ ಕಥೆ ಕೇಳಿ. ಹೆಸರುವಾಸಿ ಚಿಪ್ ಒಂದರಲ್ಲಿ ನೀವು ನಡೆಯುವವರೋ, ಕಾರಿನಲ್ಲಿರುವವರೋ, ಸಮುದ್ರದಲ್ಲಿರುವವರೋ ಎಂದು ಮೊದಲೇ ತಿಳಿಸಬೇಕು. ಸಮುದ್ರ ಎಂದರೆ ಸೆಕೆಂಡಿಗೆ 25 ಮೀಟರ್, ಅಂದರೆ 48.6 ನಾಟ್‌ವರೆಗಿನ ಓಟಕ್ಕೇ ಅದರ ಲೆಕ್ಕಾಚಾರ. ಇದೇ ಲ್ಯೂಡೆರಿಟ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಸವಾರ ಅಂತ್ವಾನ್ ಅಲ್ಬೋ 2015ರಲ್ಲಿ 53.27 ನಾಟ್ ಓಡಿದ. ಹಾಯಿ ಹಿಡಿದು ನೀರಿನ ಮೇಲೆ ಅಷ್ಟು ಓಡುವವರಿಗೆ ಆ ಸಮುದ್ರ ಸಾಲದು. ನಡೆಯುವವರ ಲೆಕ್ಕಕ್ಕೆ ಮಿತಿ ಸೆಕೆಂಡಿಗೆ 30 ಮೀಟರ್! ಕಾಲ್ನಡಿಗೆಯವನೆಂದು ಬರೆಸಿದರೆ ಅಲ್ಬೋ ಪಾಸು. ಹೀಗಿರುವ ವ್ಯವಸ್ಥೆ ನನ್ನ ಮೇಲೆ ಮಾತ್ರ ಶಿಸ್ತು ಕ್ರಮ ಜರುಗಿಸುತ್ತದೆ.

ಮುಂದಿನ ಯೋಜನೆ?

ಒಂಟಿಯಾಗಿ ಬರುವುದಿಲ್ಲ. ಇಪ್ಪತ್ತು ಜನ ಸೇರಿ, ತಲೆಗೆ ಅರ್ಧ ನಾಟ್ ಹಂಚಿಕೊಂಡು, ಒಂದೇ ದಿಕ್ಕಿಗೆ ತಪ್ಪುತ್ತೇವೆ. ಹತ್ತನೇ ಒಂದು ಸೆಕೆಂಡಿನ ಅಂತರದಲ್ಲಿ ಹುಟ್ಟಿದವರಲ್ಲವೇ, ಒಬ್ಬನ ರೋಗ ಇನ್ನೊಬ್ಬನಿಗೂ ಇರುತ್ತದೆ. ವೇಗೋತ್ಕರ್ಷದ ಜರಡಿಗೆ ಜಿಗಿತವೇ ಕಾಣದು. ಸರಾಸರಿ ತೆಗೆದರೂ ಕರಗುವುದಿಲ್ಲ.

ಸವಾರ ಎರಡು ಪೆಟ್ಟಿಗೆ ಕಟ್ಟಿಕೊಂಡು ಎರಡನ್ನೂ ತಾಳೆ ನೋಡಿದರೆ?

(ಸ್ವಲ್ಪ ಹೊತ್ತು ಸುಮ್ಮನಿದ್ದು) ಎರಡೂ ಒಂದೇ ತೋಳಿಗೋ?

ಇಲ್ಲ. ಒಂದು ತೋಳಿಗೆ, ಇನ್ನೊಂದು ತಲೆಯ ಹೆಲ್ಮೆಟ್ಟಿಗೆ.

ಹೊತ್ತಾಯಿತು, ಬರ್ತೀನಿ. ನನ್ನ ಫೋಟೊ ಹಾಕುವುದಾದರೆ 81 ಪೂರ್ತಿ ಕಾಣಲಿ.